ಎನ್‌ಕ್ರಿಪ್ಟ್ ಮಾಡಿದ ಫೈಲುಗಳಿದ್ದರೆ, ರೀಸೆಟ್ ಒತ್ತುವ ಮುನ್ನ ಇದನ್ನು ಓದಿ

ಕಂಪ್ಯೂಟರ್ ನಿಧಾನವಾಗಿದೆ ಎಂಬ ಒಂದೇ ಕಾರಣಕ್ಕೆ ನಾನು ವಿಂಡೋಸ್ ಅನ್ನು ರೀಸೆಟ್ ಮಾಡಿದೆ. ಎಲ್ಲವನ್ನೂ ಅಳಿಸುವ ಆಯ್ಕೆಯನ್ನೇ ಒತ್ತಿದ್ದರೂ, ವಿಂಡೋಸ್ ಇರುವ ಡ್ರೈವ್ ಮಾತ್ರ ಸಾಕೆಂದು ಸೂಚಿಸಿದ್ದರಿಂದ, ಡಿ ಡ್ರೈವ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿಟ್ಟಿದ್ದ, ಅಂದರೆ ಕೀಲಿಯಿಲ್ಲದೆ ಯಾರೂ ಓದಲಾಗದಂತೆ ಬದಲಿಸಿಟ್ಟಿದ್ದ, ಫೋಟೊಗಳಿಗೂ ದಾಖಲೆಗಳಿಗೂ ಏನೂ ಆಗದೆಂದು ನಿಶ್ಚಿಂತನಾಗಿದ್ದೆ.

ರೀಸೆಟ್ ಮುಗಿದ ಮೇಲೆ ನೋಡಿದರೆ ಫೈಲುಗಳೆಲ್ಲ ಇದ್ದಲ್ಲೇ ಇದ್ದವು. ಹೆಸರು, ದಿನಾಂಕ, ಗಾತ್ರ ಯಾವುದೂ ಬದಲಾಗಿರಲಿಲ್ಲ. ಐಕಾನಿನ ಮೂಲೆಯಲ್ಲಿ ಪುಟ್ಟ ಬೀಗದ ಗುರುತೂ ಇತ್ತು. ತೆರೆಯಲು ಹೋದರೆ ಮಾತ್ರ ಅನುಮತಿ ಇಲ್ಲವೆಂಬ ಸಂದೇಶ. ಹಳೆಯ ಹೆಸರು, ಹಳೆಯ ಪಾಸ್‌ವರ್ಡ್‌ನಿಂದಲೇ ಹೊಸ ಖಾತೆ ತೆರೆದೆ. ಫೋಲ್ಡರಿನ ಒಡೆತನವನ್ನೂ ನನ್ನ ಹೆಸರಿಗೆ ಬದಲಿಸಿಕೊಂಡೆ. ಪ್ರಯೋಜನವಾಗಲಿಲ್ಲ.

ವಿಂಡೋಸ್ 2000ದಿಂದಲೂ ಇರುವ ಇಎಫ್‌ಎಸ್ (ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್) ಎಂಬ ವ್ಯವಸ್ಥೆಯಲ್ಲಿ, ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ ಒಂದು ಟಿಕ್ ಹಾಕಿದರೆ ಎನ್‌ಕ್ರಿಪ್ಶನ್ ಆಗಿಬಿಡುತ್ತದೆ. ಪ್ರತಿ ಫೈಲಿಗೂ ಬೇರೆ ಕೀಲಿ ಇದ್ದು, ಆ ಕೀಲಿಗಳನ್ನು ಬಿಡಿಸುವ ಖಾಸಗಿ ಕೀಲಿ ಸಿ ಡ್ರೈವ್‌ನ ಬಳಕೆದಾರ ಪ್ರೊಫೈಲಿನೊಳಗೆ, ನಮ್ಮ ಪಾಸ್‌ವರ್ಡ್‌ನ ಕಾವಲಿನಲ್ಲಿ ಇರುತ್ತದೆ. ಅಂದರೆ ನಾನು ಅಳಿಸಿದ್ದು ಕೀಲಿಯನ್ನೇ. ಹೊಸ ಖಾತೆಗೆ ಹೆಸರು ಅದೇ ಇದ್ದರೂ ವಿಂಡೋಸ್ ಪಾಲಿಗೆ ಅದು ಬೇರೆಯೇ ವ್ಯಕ್ತಿ. ಟಿಕ್ ಹಾಕಿದ ದಿನ, ಕೀಲಿಯ ಪ್ರತಿ ತೆಗೆದಿಟ್ಟುಕೊಳ್ಳಿ ಎಂಬ ಸೂಚನೆ ಪರದೆಯ ಮೂಲೆಯಲ್ಲಿ ಕಾಣಿಸಿತ್ತು. ಜಾಹೀರಾತನ್ನು ಮುಚ್ಚುವಂತೆ ನಾನದನ್ನು ಮುಚ್ಚಿದ್ದೆ.

ಇದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ಗಾಬರಿಯಲ್ಲಿ ಮೂರು ರಿಕವರಿ ತಂತ್ರಾಂಶಗಳನ್ನು ಅದೇ ಸಿ ಡ್ರೈವ್‌ಗೆ ಇನ್‌ಸ್ಟಾಲ್ ಮಾಡಿದೆ. ಅಳಿದ ಕೀಲಿಯ ಕುರುಹು ಎಲ್ಲಾದರೂ ಉಳಿದಿದ್ದರೆ ಅದರ ಮೇಲೆ ನಾನೇ ಹೊಸ ದತ್ತಾಂಶ ಬರೆದಂತಾಯಿತು. ಬಳಿಕ ಒಬ್ಬ ತಂತ್ರಜ್ಞರು ಖಂಡಿತ ತೆರೆದುಕೊಡುತ್ತೇನೆಂದು ಮುಂಗಡ ಪಡೆದು, ಫೈಲುಗಳ ಹೆಸರಿನ ಕೊನೆಯ ಅಕ್ಷರಗಳನ್ನು ಬದಲಿಸಿ ಕೊಟ್ಟರು. ಕೀಲಿಯ ವಿಷಯವನ್ನೇ ಕೇಳದೆ ಭರವಸೆ ಕೊಡುವವರನ್ನು ನಂಬಬೇಡಿ.

ಈಗಾಗಲೇ ರೀಸೆಟ್ ಆಗಿದ್ದರೆ ಯಂತ್ರವನ್ನು ತಕ್ಷಣ ಆಫ್ ಮಾಡಿ, ಡಿಸ್ಕಿನ ಪೂರ್ಣ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆಸಿ, ಹುಡುಕಾಟವೆಲ್ಲ ಆ ಪ್ರತಿಯ ಮೇಲೆಯೇ ನಡೆಯಲಿ. ಹಳೆಯ ಪ್ರೊಫೈಲಿನ ಕ್ರಿಪ್ಟೊ ಮತ್ತು ಪ್ರೊಟೆಕ್ಟ್ ಫೋಲ್ಡರುಗಳಲ್ಲಿದ್ದ ಫೈಲುಗಳು ಸಿಕ್ಕು, ಹಳೆಯ ಪಾಸ್‌ವರ್ಡ್ ನೆನಪಿದ್ದರೆ ದಾರಿಯುಂಟು. ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಿರುವ ಡಿಸ್ಕ್) ಆಗಿದ್ದರೆ, ಅಳಿಸಿದ ಜಾಗವನ್ನು ಟ್ರಿಮ್ ವ್ಯವಸ್ಥೆ ಬೇಗನೆ ಬರಿದು ಮಾಡುವುದರಿಂದ, ಆಸೆ ಬಹಳ ಕಡಿಮೆ.

ಇನ್ನೂ ರೀಸೆಟ್ ಮಾಡಿರದವರು ಆ ಟಿಕ್ ತೆಗೆದು ಫೈಲುಗಳನ್ನು ಮೊದಲಿನ ಸ್ಥಿತಿಗೆ ತಂದುಕೊಳ್ಳಬಹುದು. ಇಲ್ಲವೇ ಖಾಸಗಿ ಕೀಲಿಯ ಸಹಿತ ಸರ್ಟಿಫಿಕೇಟನ್ನು (ಕೀಲಿ ಯಾರದೆಂದು ಹೇಳುವ ಡಿಜಿಟಲ್ ಪತ್ರ), ಎರಡನ್ನೂ ಒಟ್ಟಿಗೆ ಇಡುವ ಪಿಎಫ್‌ಎಕ್ಸ್ ಫೈಲಾಗಿ ಪೆನ್‌ಡ್ರೈವಿಗೆ ಉಳಿಸಿ, ಬೇರೊಂದು ಖಾತೆಯಲ್ಲಿ ಅದನ್ನು ಅಳವಡಿಸಿ ಒಂದು ಫೈಲನ್ನಾದರೂ ತೆರೆದು ನೋಡಬೇಕು. ನನ್ನ ಫೈಲುಗಳು ಈಗಲೂ ಡಿ ಡ್ರೈವ್‌ನಲ್ಲಿ ಬೀಗದ ಗುರುತಿನೊಂದಿಗೆ ಕುಳಿತಿವೆ. ಅಳಿಸಲು ಮನಸ್ಸು ಬಂದಿಲ್ಲ.