‘ಬ್ಯಾಕಪ್ ಓಕೆ’ ಅನ್ನುವ ಸಹಿಯನ್ನು ನಂಬಬೇಡಿ

ಸರ್ವರ್ ನೋಡಿಕೊಳ್ಳಲು ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ಕೊಟ್ಟಿದ್ದೇವೆ, ಇನ್ನು ಚಿಂತೆಯಿಲ್ಲ ಅಂದುಕೊಂಡಿರುವ ಸಣ್ಣ ಸಂಘ, ಶಾಲೆ, ಆಫೀಸಿನವರು ಇದನ್ನು ಓದಿ.

ನಾನಿರುವುದು ಒಂದು ಪತ್ತಿನ ಸಹಕಾರ ಸಂಘದಲ್ಲಿ. ಸಾಲ, ಠೇವಣಿ, ಪಿಗ್ಮಿ ಎಲ್ಲದರ ಲೆಕ್ಕವೂ ಒಂದೇ ಸರ್ವರ್‌ನಲ್ಲಿ. ಅದರಲ್ಲಿ ರೇಡ್ 5 ಇತ್ತು, ಅಂದರೆ ಹಲವು ಹಾರ್ಡ್ ಡಿಸ್ಕ್‌ಗಳಲ್ಲಿ ಡೇಟಾ ಹಂಚಿಡುವ ವ್ಯವಸ್ಥೆ. ಒಂದು ಹಾರ್ಡ್ ಡಿಸ್ಕ್ ಕೆಟ್ಟರೂ ಕೆಲಸ ನಡೆಯುತ್ತದೆ. ಕೆಟ್ಟಿತು, ಕೆಲಸವೂ ನಡೆಯಿತು. ತೊಂದರೆ ಶುರುವಾಗಿದ್ದೇ ಅಲ್ಲಿ, ಯಾರಿಗೂ ಗೊತ್ತಾಗಲಿಲ್ಲ! ಎಚ್ಚರಿಕೆಯ ಮೇಲ್ ಹೋಗುತ್ತಿದ್ದದ್ದು ಎಎಂಸಿ ಕಂಪನಿಯನ್ನು ಯಾವತ್ತೋ ಬಿಟ್ಟುಹೋದ ಹುಡುಗನ ಐಡಿಗೆ.

ಎಎಂಸಿಯವರು ತಡವಾಗಿ ಬಂದು ಡಿಸ್ಕ್ ಬದಲಿಸಿದರು. ಹೊಸ ಡಿಸ್ಕ್ ತುಂಬಬೇಕಾದರೆ ಉಳಿದವುಗಳನ್ನು ಮೊದಲಿಂದ ಕೊನೆವರೆಗೆ ಓದಬೇಕಾಗುತ್ತದೆ. ಅವೆಲ್ಲ ಒಟ್ಟಿಗೆ ಕೊಂಡವು, ಸವೆದದ್ದೂ ಒಟ್ಟಿಗೇ. ಮಧ್ಯದಲ್ಲಿ ಇನ್ನೊಂದು ಕೈಕೊಟ್ಟಿತು. ರೇಡ್ 5ರಲ್ಲಿ ಎರಡು ಹೋದರೆ ಎಲ್ಲ ಹೋದ ಹಾಗೆ.

“ಬ್ಯಾಕಪ್ ಇದೆ ಸಾರ್” ಅಂದರು. ಇತ್ತು. ಪ್ರತಿ ಸರ್ವೀಸ್ ರಿಪೋರ್ಟಿನಲ್ಲೂ ‘ಬ್ಯಾಕಪ್ ಓಕೆ’ ಅಂತ ಬರೆದು ಸಹಿ ಹಾಕಿದ್ದರು. ಆದರೆ ಡೇಟಾಬೇಸನ್ನು ಬೇರೆ ಡ್ರೈವಿಗೆ ಸಾಗಿಸಿದ್ದವರೂ ಅವರೇ. ಬ್ಯಾಕಪ್ ಮಾತ್ರ ಹಳೆಯ ಫೋಲ್ಡರನ್ನೇ ರಾತ್ರಿ ರಾತ್ರಿ ನಿಷ್ಠೆಯಿಂದ ನಕಲು ಮಾಡುತ್ತಿತ್ತು. ನಕಲು ಸರಿಯಾಗಿಯೇ ಆಗಿದೆ, ಹಾಗಾಗಿ ಹಸಿರು ಗುರುತು! ಫೈಲಿನ ಗಾತ್ರ ತಿಂಗಳುಗಟ್ಟಲೆ ಒಂದಿಷ್ಟೂ ಬೆಳೆದಿರಲಿಲ್ಲ. ದಿನಾ ವಹಿವಾಟು ನಡೆಯುವ ಜಾಗದಲ್ಲಿ ಹಾಗಾಗುತ್ತದಾ?

ಆಮೇಲೆ ವೋಚರ್, ಡೇ ಬುಕ್, ಸದಸ್ಯರ ಪಾಸ್‌ಬುಕ್, ಪಿಗ್ಮಿ ಏಜೆಂಟರ ಮಿಷಿನ್ನು ಎಲ್ಲ ಮುಂದಿಟ್ಟುಕೊಂಡು ಲೆಕ್ಕ ಮತ್ತೆ ಕಟ್ಟಿದೆವು. ಪಾಸ್‌ಬುಕ್ ತರಲು ಹೇಳಿದ್ದೇ ತಡ, ‘ಸಂಘ ಮುಳುಗಿತಂತೆ’ ಅಂತ ಸುದ್ದಿ ಹಬ್ಬಿತು. ಅದನ್ನು ತಣಿಸುವುದು ಡಿಸ್ಕಿಗಿಂತ ಜಾಸ್ತಿ ಕಷ್ಟ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. 2017ರ ಜನವರಿಯಲ್ಲಿ ಪ್ರೋಗ್ರಾಮರ್‌ಗಳು ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ತಾಣದ ಡೇಟಾಬೇಸ್ ಕೈತಪ್ಪಿ ಅಳಿಸಿಹೋದಾಗ, ದಿನದ ಬ್ಯಾಕಪ್ ಇರಬೇಕಾದ ಕಡೆ ಖಾಲಿ. ಬ್ಯಾಕಪ್ ಸಾಫ್ಟ್‌ವೇರಿನ ಆವೃತ್ತಿ ಡೇಟಾಬೇಸಿನದಕ್ಕೆ ಹೊಂದದೆ ಅದು ವಿಫಲವಾಗುತ್ತಿತ್ತು, ಅದನ್ನು ತಿಳಿಸುವ ಮೇಲ್‌ಗಳೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ನಕಲೊಂದು ಸಿಕ್ಕಿ, ಸುಮಾರು 6 ಗಂಟೆಯ ಡೇಟಾ ಮಾತ್ರ ಹೋಯಿತು.

ನಿಮ್ಮ ಎಎಂಸಿಯವರನ್ನು ಕರೆಸಿ. ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿಗೆ ನಿಮ್ಮೆದುರೇ ರೀಸ್ಟೋರ್ ಮಾಡಿಸಿ, ನಿನ್ನೆ ಸಂಜೆಯ ಕೊನೆಯ ವೋಚರ್ ಅದರಲ್ಲಿದೆಯಾ ಅಂತ ನೀವೇ ಹುಡುಕಿ. ನೆಪ ಹೇಳಿದರೆ ಬಿಲ್ ತಡೆಹಿಡಿಯಿರಿ. ಎಚ್ಚರಿಕೆಯ ಮೇಲ್ ಆಫೀಸಿನ ಐಡಿಗೂ ಬರಲಿ. ಒಂದು ನಕಲು ಬೇರೆ ಕಟ್ಟಡದಲ್ಲಿರಲಿ. ಹಾಗೇ ಎಎಂಸಿ ಕರಾರಿನ ಕೊನೆಯ ಪುಟ ತೆಗೆದು ನೋಡಿ. ನಮ್ಮದರಲ್ಲಿ ‘ಡೇಟಾ ನಷ್ಟಕ್ಕೆ ಕಂಪನಿ ಹೊಣೆಯಲ್ಲ’ ಅಂತ ಸಣ್ಣ ಅಕ್ಷರದಲ್ಲಿತ್ತು. ಅದನ್ನು ಹೊಡೆದುಹಾಕಿಸದೆ ಈ ವರ್ಷ ನವೀಕರಿಸಬೇಡಿ.