ಹಣ್ಣಿನ ಮಫಿನ್‌ಗೆ ನಮ್ಮನೆ ಮೊಸರೇ ಸರಿ: ಮೊಟ್ಟೆ ಬದಲಿಗೆ ಮೂರು ಬಗೆ ಮಾಡಿ ನೋಡಿದ್ದು

ಮಗಳ ಹುಟ್ಟುಹಬ್ಬ ಮೇ ತಿಂಗಳಲ್ಲಿ. ಬಾದಾಮಿ ಮಾವು ಚೆನ್ನಾಗಿ ಬರುತ್ತಿತ್ತು, ಶಾಲೆಗೂ ರಜೆ, ಬೀದಿಯ ಮಕ್ಕಳೆಲ್ಲ ಬರುವವರಿದ್ದರು. ಇಪ್ಪತ್ತನಾಲ್ಕು ಮಾವಿನ ಮಫಿನ್ ಮಾಡೋಣ ಅಂತ ಕಂಡೆನ್ಸ್ಡ್ ಮಿಲ್ಕ್ ಎರಡು ಟಿನ್ ತಂದಿಟ್ಟೆ. ಅತ್ತೆ ಇರುವ ಮನೆ, ಅಡುಗೆಮನೆಗೆ ಮೊಟ್ಟೆ ಬರುವ ಹಾಗಿಲ್ಲ. ಮೊಟ್ಟೆ ಹಾಕದಿದ್ದರೆ ಕಂಡೆನ್ಸ್ಡ್ ಮಿಲ್ಕೇ ಬೇಕು ಅಂತ ಹೇಳಿದವರ ಮಾತು ನಂಬಿದ್ದೆ.

ಮೊದಲ ಹನ್ನೆರಡು ಓವನ್‌ನಿಂದ ಹೊರಗೆ ಬಂದಾಗ ಮೇಲೆಲ್ಲ ಕಪ್ಪಿಟ್ಟಿತ್ತು, ಕಡ್ಡಿ ಚುಚ್ಚಿದರೆ ಒಳಗಿನ ಹಸಿ ಹಿಟ್ಟು ಅಂಟಿಕೊಂಡು ಬಂತು. ಮಕ್ಕಳು ಬರಲು ಇನ್ನು ಎರಡು ಗಂಟೆ. ಎರಡನೇ ಟಿನ್ ಒಡೆಯಲು ಧೈರ್ಯ ಬರಲಿಲ್ಲ. ಹಿಂದಿನ ರಾತ್ರಿ ಹೆಪ್ಪು ಹಾಕಿದ್ದ ಮೊಸರು ಪಾತ್ರೆಯ ತುಂಬ ಇತ್ತು, ಅದರಲ್ಲೇ ಉಳಿದ ಹನ್ನೆರಡು ಮಾಡಿದೆ. ತಟ್ಟೆ ಖಾಲಿಯಾಗಿದ್ದು ಆ ಹನ್ನೆರಡರಿಂದಲೇ. ಅಂದಿನಿಂದ ನಾನು ಮೊಸರಿನ ಕಡೆ. ಆದರೂ ಒಂದು ದಿನದ ಗಡಿಬಿಡಿ ನೋಡಿ ತೀರ್ಮಾನ ಮಾಡಬಾರದು ಅಂತ ಮಾವು, ನೇರಳೆ, ರಸಬಾಳೆ ಮೂರರಲ್ಲೂ ಮೊಸರು, ಕಂಡೆನ್ಸ್ಡ್ ಮಿಲ್ಕ್, ಅಗಸೆ ಬೀಜ ಹಾಕಿ ಒಂದೊಂದು ಸಲ ಮಾಡಿ ನೋಡಿದೆ.

ಮೊಸರಿನ ಅಳತೆ ಹೇಳಿಬಿಡುತ್ತೇನೆ. ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಹುಳಿ ಮೊಸರು, ಅರ್ಧ ಕಪ್ ಹಣ್ಣಿನ ತಿರುಳು, ಮುಕ್ಕಾಲು ಕಪ್ ಸಕ್ಕರೆ, ಕಪ್ಪಿನ ಮೂರನೇ ಒಂದು ಭಾಗ ಎಣ್ಣೆ, ಒಂದು ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಸೋಡಾವನ್ನು ಮೊಸರಿಗೆ ಹಾಕಿ ಐದು ನಿಮಿಷ ಬಿಟ್ಟರೆ ಮೊಸರು ನೊರೆನೊರೆಯಾಗಿ ಉಬ್ಬುತ್ತದೆ. ಮೊಟ್ಟೆ ಮಾಡುವ ಕೆಲಸದಲ್ಲಿ ಅರ್ಧದಷ್ಟನ್ನು ಆ ನೊರೆಯೇ ಮಾಡುತ್ತದೆ. ಹಿಟ್ಟು ಸೇರಿಸಿದ ಮೇಲೆ ಹೆಚ್ಚು ಕಲಸಬಾರದು, ಸಣ್ಣ ಗಂಟು ಉಳಿದರೂ ಪರವಾಗಿಲ್ಲ. ಕಲಸಿದ ಕೂಡಲೇ ಓವನ್‌ಗೆ ಇಡಬೇಕು, ತಡವಾದರೆ ನೊರೆ ಇಳಿಯುತ್ತದೆ. 180 ಡಿಗ್ರಿಯಲ್ಲಿ 20ರಿಂದ 22 ನಿಮಿಷ ಸಾಕು. ಬಾದಾಮಿ ತಿರುಳು ಗಟ್ಟಿ, ಹಾಗೇ ಹಾಕಬಹುದು. ರಸಪುರಿಯಾದರೆ ಬಾಣಲೆಯಲ್ಲಿ ನೀರು ಆರಿಸಿಕೊಂಡೇ ಹಾಕಬೇಕು, ಇಲ್ಲದಿದ್ದರೆ ಮಫಿನ್ ತಳ ಹಲ್ವದ ಹಾಗೆ ಅಂಟುತ್ತದೆ.

ಕಂಡೆನ್ಸ್ಡ್ ಮಿಲ್ಕ್ ಮೇಲೆ ನನಗೀಗ ಸಿಟ್ಟಿಲ್ಲ. ತಪ್ಪು ಶಾಖದಲ್ಲಿತ್ತು. ಅದರಲ್ಲಿ ಸಕ್ಕರೆ ಜಾಸ್ತಿ, ಹಾಲೂ ಗಟ್ಟಿ, ಹಾಗಾಗಿ ಬೇಗ ಕೆಂಪಾಗಿಬಿಡುತ್ತದೆ. 160 ಡಿಗ್ರಿಗೆ ಇಳಿಸಿ ಅರ್ಧ ಗಂಟೆ ಇಟ್ಟಾಗ ಚೆನ್ನಾಗೇ ಬಂತು, ಮೂರು ದಿನ ಮೆತ್ತಗೂ ಇತ್ತು. ಆದರೆ ಮಾವಿನ ರುಚಿ ಎಲ್ಲೋ ಹೋಗಿತ್ತು, ಬಾಯಿಗೆ ಸಿಕ್ಕಿದ್ದು ಪೇಡದ ರುಚಿ. ಸಿಹಿ ಕಡಿಮೆ ಮಾಡುವ ದಾರಿಯೂ ಇಲ್ಲ, ಅದು ಟಿನ್ನಿನೊಳಗೇ ಕೂತು ಬಂದಿರುತ್ತದೆ.

ಅಗಸೆ ಬೀಜ: ಒಂದು ಚಮಚ ಪುಡಿಗೆ ಮೂರು ಚಮಚ ನೀರು, ಹತ್ತು ನಿಮಿಷಕ್ಕೆ ಲೋಳೆಯಾಗುತ್ತದೆ. ಹಾಲು ಮೊಸರು ಮುಟ್ಟದವರಿಗೆ ಇದೇ ದಾರಿ. ರಸಬಾಳೆಗೆ ಹೊಂದಿತು, ಮಾವಿಗೆ ಹೊಂದಲಿಲ್ಲ.

ಇನ್ನು ನೇರಳೆ. ಆಷಾಢದ ಒಂದು ಶುಕ್ರವಾರ ಬೆಟ್ಟಕ್ಕೆ ಹೋಗಿ ಚಾಮುಂಡಿ ದರ್ಶನ ಮುಗಿಸಿ, ಬರುವಾಗ ದೇವರಾಜ ಮಾರುಕಟ್ಟೆಯಲ್ಲಿ ಅರ್ಧ ಕೆ.ಜಿ. ಜಂಬುನೇರಳೆ ತಂದೆ. ಬೀಜದಿಂದ ತಿರುಳು ಬಿಡಿಸುವಷ್ಟರಲ್ಲಿ ಬೆರಳೆಲ್ಲ ನೀಲಿ. ಹಿಟ್ಟು ಕಲಸಿದಾಗ ಎಷ್ಟು ಚೆಂದದ ಬಣ್ಣ, ಮದುವೆ ಸೀರೆಯ ಅಂಚಿನ ಹಾಗೆ! ಓವನ್‌ನಿಂದ ತೆಗೆದು ಒಂದನ್ನು ಮುರಿದು ನೋಡಿದರೆ ಒಳಗೆ ಪಾಚಿ ಬಣ್ಣ. ಹಣ್ಣಿನ ತುಂಡಿನ ಸುತ್ತ ಹಸಿರು ಉಂಗುರ, ಉಳಿದ ಕಡೆ ಬೂದಿ. ಬೂಸಲು ಹಿಡಿದಿದೆ ಅಂದುಕೊಂಡು ಮಗಳು ಮುಟ್ಟಲೇ ಇಲ್ಲ. ಹಣ್ಣು ತಾಜಾ, ಹಿಟ್ಟೂ ತಾಜಾ. ಎಲ್ಲಿ ತಪ್ಪಿದೆ ಅಂತ ಗೊತ್ತಾಗದೆ ಅಳು ಬರುವ ಹಾಗಾಯಿತು. ಕಂಡೆನ್ಸ್ಡ್ ಮಿಲ್ಕ್ ಮತ್ತು ಅಗಸೆಯವಕ್ಕೆ ಬರೀ ಬೇಕಿಂಗ್ ಪೌಡರ್ ಹಾಕಿದ್ದೆ, ಅವೆರಡೂ ನೇರಳೆ ಬಣ್ಣದಲ್ಲೇ ಇದ್ದವು. ಮೊಸರಿನದು ಮಾತ್ರ ಕೆಟ್ಟಿತ್ತು.

ಕಾರಣ ಹೇಳಿದ್ದು ಅತ್ತೆ. ಒಂದು ಚೂರು ಬಾಯಿಗೆ ಹಾಕಿಕೊಂಡು, "ಸೋಡಾ ಜಾಸ್ತಿ ಬಿದ್ದಿದೆ ಕಣಮ್ಮ, ಸೋಪಿನ ರುಚಿ ಬರ್ತಿದೆ. ಆರತಿ ನೀರಿಗೆ ಅರಿಶಿನದ ಮೇಲೆ ಸುಣ್ಣ ಹಾಕಿದ್ರೆ ಕೆಂಪಾಗಲ್ವಾ, ಹಾಗೇ ಇದೂ ಬಣ್ಣ ತಿರುಗಿದೆ" ಅಂದರು. ನಾನು ಆವತ್ತು ಹಾಕಿದ್ದು ಆಗಷ್ಟೇ ಹೆಪ್ಪಾದ ಸಿಹಿ ಮೊಸರು, ಜೊತೆಗೆ ಚೆನ್ನಾಗಿ ಉಬ್ಬಲಿ ಅಂತ ಪೂರ್ತಿ ಒಂದು ಚಮಚ ಸೋಡಾ. ಅಷ್ಟು ಸೋಡಾಕ್ಕೆ ಸಾಕಾಗುವಷ್ಟು ಹುಳಿ ಆ ಮೊಸರಿನಲ್ಲಿರಲಿಲ್ಲ.

ಉಳಿದಿದ್ದ ನೇರಳೆ ರಸವನ್ನು ಎರಡು ಬಟ್ಟಲಿಗೆ ಹಾಕಿ ನೋಡಿದೆವು. ನಿಂಬೆರಸ ಹಿಂಡಿದ್ದು ಕೆಂಪಗೆ ಹೊಳೆಯಿತು. ಸೋಡಾ ಉದುರಿಸಿದ್ದು ಮೊದಲು ನೀಲಿಯಾಗಿ, ನೋಡನೋಡುತ್ತಾ ಹಸಿರಿಗೆ ತಿರುಗಿತು. ಈ ಹಣ್ಣಿನ ಬಣ್ಣ ಆಂಥೋಸಯನಿನ್ ಅನ್ನುವ ವಸ್ತುವಿನದು, ಹುಳಿ ಇದ್ದರೆ ಕೆಂಪು, ಕ್ಷಾರ ತಾಗಿದರೆ ನೀಲಿ ಹಸಿರು. ಮಾವಿನ ಹಳದಿ ಬೇರೆ ಜಾತಿಯ ಬಣ್ಣ, ಸೋಡಾಕ್ಕೆ ಅದು ಹೀಗೆ ತಿರುಗುವುದಿಲ್ಲ, ಅದಕ್ಕೇ ಮೇ ತಿಂಗಳಲ್ಲಿ ನನಗೆ ಈ ತೊಂದರೆ ಕಾಣಲಿಲ್ಲ.

ಮುಂದಿನ ಶುಕ್ರವಾರ ಎರಡು ದಿನದ ಹುಳಿ ಮೊಸರು ತೆಗೆದುಕೊಂಡೆ, ಸೋಡಾ ಪೂರ್ತಿ ಬಿಟ್ಟೆ, ಬೇಕಿಂಗ್ ಪೌಡರ್ ಒಂದೂವರೆ ಚಮಚ ಮಾಡಿದೆ, ತಿರುಳಿಗೆ ಒಂದು ಚಮಚ ನಿಂಬೆರಸ ಹಿಂಡಿದೆ. ಹಣ್ಣನ್ನು ಹಿಟ್ಟಿನಲ್ಲಿ ಪೂರ್ತಿ ಕಲಸದೆ ಮೇಲಿನಿಂದ ಚಮಚದಲ್ಲಿ ಇಟ್ಟು ಎರಡು ಸುತ್ತು ತಿರುಗಿಸಿದೆ, ಅಷ್ಟೇ. ಮುರಿದಾಗ ಒಳಗೆ ನೇರಳೆ ಗೆರೆಗಳು. ನೇರಳೆಯ ಒಗರು ನಾಲಿಗೆಯ ತುದಿಗೆ ಸ್ವಲ್ಪ ತಾಗುತ್ತದೆ, ಅದು ನನಗೆ ಇಷ್ಟ. ಮಗಳು ಎರಡು ತಿಂದಳು.

ಹಾಗಾಗಿ ನೇರಳೆಯಲ್ಲಿ ಮೊಸರಿಗೆ ಎಚ್ಚರ ಹೆಚ್ಚು ಬೇಕು ಅನ್ನುವುದು ನಿಜ. ಕಂಡೆನ್ಸ್ಡ್ ಮಿಲ್ಕ್‌ನಲ್ಲಿ ಆ ತಲೆನೋವಿಲ್ಲ. ಆದರೆ ಒಂದು ಟಿನ್ನಿನ ದುಡ್ಡಿಗೆ ನಮಗೆ ಸುಮಾರು ಮೂರು ಲೀಟರ್ ಹಾಲು ಬರುತ್ತದೆ. ವಾರಕ್ಕೊಂದು ಸಲ ಮಕ್ಕಳ ಡಬ್ಬಿಗೆ ಮಾಡುವವಳಿಗೆ ಅದು ಸಣ್ಣ ಲೆಕ್ಕವಲ್ಲ. ಮೊಸರಾದರೆ ದಿನಾ ರಾತ್ರಿ ಹೇಗೂ ಹೆಪ್ಪು ಹಾಕುತ್ತೇವೆ, ಹುಳಿಯಾಗಿ ಉಳಿದದ್ದಕ್ಕೂ ಒಂದು ದಾರಿಯಾಯಿತು. ವರ್ಷಕ್ಕೊಮ್ಮೆ ಮಾಡುವವರು, ಎರಡು ಮೂರು ದಿನ ಇಟ್ಟುಕೊಂಡು ತಿನ್ನುವವರು ಟಿನ್ ತರಲಿ, ಶಾಖ ಮಾತ್ರ ಕಡಿಮೆ ಇಡಲಿ.

ನಿನ್ನೆ ನಂಜನಗೂಡು ಕಡೆಯಿಂದ ಬಂದ ನೆಂಟರು ಒಂದು ಚಿಪ್ಪು ರಸಬಾಳೆ ಕೊಟ್ಟು ಹೋದರು. ಸೊರಗು ರೋಗಕ್ಕೆ ತೋಟಗಳು ಹಾಳಾದ ಮೇಲೆ ಅಸಲಿ ರಸಬಾಳೆ ಸಿಗುವುದೇ ಅಪರೂಪ. ಸಿಪ್ಪೆ ಇನ್ನೂ ಚುಕ್ಕೆ ಬಿಟ್ಟಿಲ್ಲ, ಎರಡು ದಿನ ಬೇಕು. ಇದಕ್ಕೆ ಸಕ್ಕರೆ ಬದಲು ಮಂಡ್ಯದ ಬೆಲ್ಲ. ಇವತ್ತು ಹೆಪ್ಪು ಹಾಕುವಾಗ ಒಂದು ಲೋಟ ಹಾಲು ಹೆಚ್ಚಿಗೆ ಹಾಕಿದ್ದೇನೆ.