ಬುಕ್‌ಮಾರ್ಕ್ ಕಿಟ್: ಕಾಗದಕ್ಕೆ ಐದು ನಕ್ಷತ್ರ, ಉಳಿದದ್ದಕ್ಕೆ ಒಂದೂವರೆ

ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ: ಕಿಟ್ ಬೇಡ, ಬರೀ ಕಾಗದ ತರಿಸಿ. ಯಾಕೆ ಅಂತ ಕೇಳುವವರು ಮುಂದೆ ಓದಿ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಗಳು ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು, ಮಗ ಯುಕೆಜಿ. ಕೇರಳದ ಶಾಲೆಗಳಲ್ಲಿ ಜೂನ್ 19 ವಾಚನಾ ದಿನ. ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡದ್ದು ಅದೇ ದಿನ, ಮರುವರ್ಷದಿಂದ ಆಚರಣೆ ಶುರುವಾಯಿತು. ಶಾಲೆ ತೆರೆದು ಮೂರು ವಾರ ಆಗುವಷ್ಟರಲ್ಲಿ ಇದು ಬಂದುಬಿಡುತ್ತದೆ, ಜೊತೆಗೆ ಮಳೆ. ಈ ಸಲ ಟೀಚರ್ ಎಲ್ಲರೂ ಒಂದೊಂದು ಬುಕ್‌ಮಾರ್ಕ್ ಮಾಡಿ ತನ್ನಿ ಎಂದಿದ್ದರು. ನಮ್ಮ ಕಾಲದಲ್ಲಿ ನವಿಲುಗರಿ ಇಟ್ಟು, ಮರಿ ಹಾಕಿತಾ ಅಂತ ದಿನಕ್ಕೆ ನಾಲ್ಕು ಸಲ ಪುಸ್ತಕ ತೆರೆದು ನೋಡುತ್ತಿದ್ದೆವು, ಅಷ್ಟೇ. ಈಗ ಕಿಟ್ ಸಿಗುತ್ತದೆ ಅಲ್ವಾ, ತರಿಸಿದೆ. 399 ರೂಪಾಯಿ.

ಅತ್ತೆಗೆ ಪೆಟ್ಟಿಗೆ ತೋರಿಸಿ, ಇದು ಕೈಯಿಂದ ಮಾಡಿದ ಹಾಳೆ ಎಂದೆ. "ಹಾಳೆಯನ್ನು ದುಡ್ಡು ಕೊಟ್ಟು ತರಿಸುವುದಾ? ತೋಟದಲ್ಲಿ ಬೇಕಾದಷ್ಟು ಬಿದ್ದುಂಟಲ್ಲ ಮಾರಾಯ್ತಿ!" ನಮ್ಮಲ್ಲಿ ಹಾಳೆ ಅಂದರೆ ಮೊದಲು ಅಡಿಕೆ ಹಾಳೆಯೇ ನೆನಪಾಗುವುದು, ಅವರ ತಪ್ಪಲ್ಲ.

ಪೆಟ್ಟಿಗೆಯೊಳಗೆ ಹತ್ತು ಕಾಗದ, ಸಣ್ಣ ಪಂಚಿಂಗ್ ಮೆಷಿನ್, ಕೆಂಪು ಮತ್ತು ನೀಲಿ ನೂಲಿನ ಕುಚ್ಚುಗಳು, ಅಂಟಿನ ಬಾಟಲಿ, ಆರು ಸ್ಕೆಚ್ ಪೆನ್. ಹೇಗೆ ಮಾಡುವುದು ಎಂಬ ಚೀಟಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕಾಸರಗೋಡಿನವರಿಗೆ ಇದೇನು ಹೊಸತಲ್ಲ, ಬೋರ್ಡು ಮಲಯಾಳದಲ್ಲಿ, ಬಿಲ್ಲು ಇಂಗ್ಲಿಷಿನಲ್ಲಿ, ಜಗಳ ತುಳುವಿನಲ್ಲಿ. ನಾನೇ ಓದಿ ಹೇಳಿದೆ.

ಕಾಗದ ಮಾತ್ರ ನಿಜಕ್ಕೂ ಚೆಂದ. ಹತ್ತಿ ಬಟ್ಟೆಯ ಚೂರುಗಳನ್ನು ಅರೆದು, ಆ ತಿರುಳನ್ನು ನೀರಿನಲ್ಲಿ ಕಲಸಿ, ಜಾಲರಿ ಚೌಕಟ್ಟಿನಲ್ಲಿ ಎತ್ತಿ ಒಣಗಿಸಿದ್ದು. ಮರ ಕಡಿಯುವ ಮಾತೇ ಇಲ್ಲ. ಬೆಳಕಿಗೆ ಹಿಡಿದರೆ ಒಳಗಿನ ಎಳೆಗಳು ಕಾಣಿಸುತ್ತವೆ, ಒಂದರಲ್ಲಿ ಯಾರದೋ ನೀಲಿ ಅಂಗಿಯ ನೂಲಿನ ತುಂಡು ಹಾಗೇ ಉಳಿದಿತ್ತು. ಮಗ ಅದನ್ನು ಉಗುರಿನಿಂದ ಕೀಳಲು ಅರ್ಧ ಗಂಟೆ ಕೂತ. ಬರಲಿಲ್ಲ. ಅಷ್ಟು ಗಟ್ಟಿ. ಇನ್ನೊಂದು ವಿಷಯ, ಮೆಷಿನ್ ಕಾಗದವನ್ನು ಒಂದು ದಿಕ್ಕಿಗೆ ಹರಿದರೆ ನೆಟ್ಟಗೆ ಬರುತ್ತದೆ, ಇನ್ನೊಂದು ದಿಕ್ಕಿಗೆ ಸೊಟ್ಟ. ಇದು ಹಾಗಲ್ಲ, ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಸ್ಕೇಲ್ ಇಟ್ಟು, ಒದ್ದೆ ಕುಂಚದಲ್ಲಿ ಗೆರೆ ಎಳೆದು, ಒಂದು ನಿಮಿಷ ಬಿಟ್ಟು ಮೆಲ್ಲ ಎಳೆದರೆ ಅಂಚು ನವಿರಾಗಿ, ಹತ್ತಿಯ ಹಾಗೆ ಬಿಚ್ಚಿಕೊಂಡು ಬರುತ್ತದೆ. ಕತ್ತರಿಯೇ ಬೇಡ. ಯುಕೆಜಿಯವನ ಕೈಗೆ ಕತ್ತರಿ ಕೊಡುವ ಭಯವೂ ಇಲ್ಲ. ನಾವು ಮಾಡಿದ ಅಳತೆ 5 ಸೆಂಟಿಮೀಟರ್ ಅಗಲ, 15 ಉದ್ದ.

ಆದರೆ ಸ್ಕೆಚ್ ಪೆನ್ ಇಟ್ಟ ಕೂಡಲೇ ಬಣ್ಣ ಹರಡಿತು. ಮಗಳು ಬರೆದ "ಅ" ಒಂದು ನಿಮಿಷದಲ್ಲಿ ಜೇಡದ ಹಾಗೆ ಆಯಿತು, ಅವಳ ಕಣ್ಣಲ್ಲಿ ನೀರು. ಈ ಕಾಗದಕ್ಕೆ ಮೇಲೆ ಗಂಜಿಯ ಲೇಪ ಹಾಕಿರಲಿಲ್ಲ, ಹಾಗಾಗಿ ಒತ್ತುಕಾಗದದ ಹಾಗೆ ಹೀರುತ್ತದೆ. ಅಂಥ ಕಾಗದದ ಜೊತೆ ನೀರು ಬಣ್ಣದ ಪೆನ್ ಇಟ್ಟವರು ಒಮ್ಮೆಯಾದರೂ ಬರೆದು ನೋಡಬೇಡವೇ? ಚೀಟಿಯಲ್ಲೂ ಒಂದು ಮಾತಿಲ್ಲ.

ಪರಿಹಾರ ಅಡುಗೆಮನೆಯಲ್ಲೇ ಇತ್ತು. ಬೆಳ್ತಿಗೆ ಅಕ್ಕಿಯ ಗಂಜಿ ತಿಳಿಯನ್ನು ಇನ್ನಷ್ಟು ನೀರು ಮಾಡಿ, ಎರಡೂ ಬದಿಗೆ ಕುಂಚದಲ್ಲಿ ಒಂದು ಕೈ ಹಚ್ಚಿದೆ. ಕುಚ್ಚಲಕ್ಕಿ ತಿಳಿ ಹಾಕಬೇಡಿ, ಕಾಗದ ಕೆಂಪಗಾಗುತ್ತದೆ, ಮೊದಲನೆಯದು ಹಾಗೇ ಹೋಯಿತು. ದಪ್ಪ ಹಚ್ಚಿದರೆ ಹುಳ ಬಂದೀತು, ತೆಳ್ಳಗೆ ಸಾಕು. ಒಣಗಲು ಫ್ಯಾನಿನಡಿ ಒಂದು ದಿನ ಪೂರ್ತಿ ಬೇಕಾಯಿತು, ಮಳೆಗಾಲ ನೋಡಿ. ಒಣಗುವಾಗ ಸುರುಳಿ ಸುತ್ತಿಕೊಂಡದ್ದನ್ನು ಪೇಪರಿನ ಮಧ್ಯೆ ಇಟ್ಟು, ಮೇಲೆ ಮಣೆ, ಅದರ ಮೇಲೆ ಅಕ್ಕಿ ಡಬ್ಬ ಇಟ್ಟೆ. ಮರುದಿನ ಬೆಳಿಗ್ಗೆ ಚಪ್ಪಟೆ. ಈಗ ಪೆನ್ನು ಹರಡುವುದಿಲ್ಲ.

ಬಣ್ಣಕ್ಕೆ ನಾವು ಸ್ಕೆಚ್ ಪೆನ್ ಬಿಟ್ಟೇ ಬಿಟ್ಟೆವು. ಬೇಲಿಯಲ್ಲಿದ್ದ ಶಂಖಪುಷ್ಪ ಬಿಸಿನೀರಿಗೆ ಹಾಕಿದರೆ ಕಡುನೀಲಿ, ಅದನ್ನು ಕಾಗದಕ್ಕೆ ಹಚ್ಚಿ ಮೇಲೆ ಒಂದು ಹನಿ ನಿಂಬೆಹುಳಿ ಬಿಟ್ಟರೆ ಆ ಜಾಗ ಮಾತ್ರ ಗುಲಾಬಿ. ಮಗನಿಗೆ ಇದು ಮಂತ್ರವೇ. ಇನ್ನೊಂದಕ್ಕೆ ಅರಸಿನ ನೀರು ಬಳಿದು ಒಣಗಿಸಿ ಇಟ್ಟಿದ್ದೆ. ಅತ್ತೆ ತಮ್ಮ ಎಲೆಯಡಿಕೆ ಹರಿವಾಣದಿಂದ ಚೂರು ಸುಣ್ಣ ತೆಗೆದು, ಹಿಡಿಸೂಡಿ ಕಡ್ಡಿಯ ತುದಿಗೆ ಹಚ್ಚಿ ಮಗಳ ಕೈಗೆ ಕೊಟ್ಟರು. ಅವಳು ಗೆರೆ ಎಳೆದಲ್ಲೆಲ್ಲ ರಕ್ತ ಕೆಂಪು. "ಆರತಿಯ ಕುರ್ದಿ ನೀರು ಮತ್ತೆಂತ? ಇದೇ" ಎಂದರು ಅತ್ತೆ, ಏನೂ ಆಗದವರ ಹಾಗೆ. ಸುಣ್ಣ ಕಣ್ಣಿಗೆ ಹೋಗದ ಹಾಗೆ ಪಕ್ಕದಲ್ಲೇ ಕೂರಬೇಕು, ಕೈ ತೊಳೆಸಬೇಕು. ಆ ಕೆಂಪು ಹೆಚ್ಚು ದಿನ ಇರುವುದೂ ಇಲ್ಲ, ಮಂಕಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಮಕ್ಕಳಿಗೆ ಅದರ ಚಿಂತೆ ಇಲ್ಲ, ಮಾಡುವಾಗಿನದ್ದೇ ಖುಷಿ. ಪಕ್ಕದ ಮನೆ ಹುಡುಗ ಎಲೆಯಡಿಯಲ್ಲಿ ಬಿಳಿ ಹುಡಿ ಇರುವ ಜರೀಗಿಡ ತಂದು ಕಪ್ಪು ಡ್ರಾಯಿಂಗ್ ಶೀಟಿಗೆ ಪಟ್ ಅಂತ ಹೊಡೆದ, ಎಲೆಯ ಅಚ್ಚು ಬಿಳಿಯಾಗಿ ಬಿತ್ತು. ಚೆಂದವೇ, ಆದರೆ ಮುಟ್ಟಿದರೆ ಅಳಿಸಿಹೋಗುತ್ತದೆ.

ಪಂಚಿಂಗ್ ಮೆಷಿನ್ ಮೂರನೇ ತೂತಿಗೆ ಮುರಿಯಿತು. ಅಂಟು ನೀರು ನೀರು, ಕಾಗದ ಸುಕ್ಕು ಕಟ್ಟಿತು. ಚೀಟಿಯಲ್ಲಿ ಪುಟದ ಮೂಲೆಗೆ ಸಿಕ್ಕಿಸುವ, ಮಡಚಿದ ಬುಕ್‌ಮಾರ್ಕ್ ಕೂಡ ಉಂಟು. ಈ ದಪ್ಪ ಕಾಗದದಲ್ಲಿ ಅದು ಬೇಡ, ಪುಸ್ತಕ ಮುಚ್ಚಿದರೆ ಹೊಟ್ಟೆ ಉಬ್ಬಿದ ಹಾಗೆ ಆಗುತ್ತದೆ. ಅದಕ್ಕೆ ಹಳೆ ಕ್ಯಾಲೆಂಡರ್ ಸಾಕು, 15 ಸೆಂಟಿಮೀಟರಿನ ಚೌಕ ಒಂದು.

ಇಷ್ಟನ್ನೂ ಸಹಿಸಿಕೊಳ್ಳುತ್ತಿದ್ದೆ. ಕೆಂಪು ಕುಚ್ಚಿನದ್ದು ಮಾತ್ರ ಕ್ಷಮಿಸಲಾಗುವುದಿಲ್ಲ. ವಾಚನಾ ದಿನಕ್ಕೆ ಮಗಳು ಎಲ್ಲರಿಗೂ ತೋರಿಸಿ, ಶಾಲೆಯ ಲೈಬ್ರರಿ ಪುಸ್ತಕದಲ್ಲೇ ಅದನ್ನು ಇಟ್ಟು ಬ್ಯಾಗಿಗೆ ಹಾಕಿ ಬಂದಳು. ಕೊಡೆ ಇದ್ದರೂ ಬ್ಯಾಗಿನ ಒಂದು ಮೂಲೆ ಒದ್ದೆಯಾಗಿತ್ತು. ರಾತ್ರಿ ತೆರೆದರೆ ಎರಡು ಪುಟಕ್ಕೂ ಗುಲಾಬಿ ಕಲೆ, ಕುಚ್ಚಿನ ಒಂದೊಂದು ಎಳೆಯೂ ಅಚ್ಚಾಗಿದೆ. ಅವಳು ಊಟವೇ ಮಾಡಲಿಲ್ಲ. ಮರುದಿನ ನಾನೂ ಜೊತೆಗೆ ಹೋಗಿ ಟೀಚರಿಗೆ ಹೇಳಿದೆ, ಅವರು ಪಾಪ ಏನೂ ಅನ್ನಲಿಲ್ಲ. ಉಳಿದ ಕುಚ್ಚುಗಳನ್ನು ಬಿಳಿ ಬಟ್ಟೆಯ ಮೇಲೆ ಒದ್ದೆ ಮಾಡಿ ನೋಡಿದೆ, ನೀಲಿಯೂ ಬಣ್ಣ ಬಿಡುತ್ತದೆ. ಕಂಪನಿಗೆ ಫೋಟೋ ಸಮೇತ ಬರೆದೆ. "ನಿಮ್ಮ ಅಭಿಪ್ರಾಯ ನಮಗೆ ಮುಖ್ಯ" ಅಂತ ಒಂದು ಉತ್ತರ ಬಂತು, ಮುಂದೆ ಸುದ್ದಿಯಿಲ್ಲ.

ಈಗ ಕುಚ್ಚಿನ ಬದಲು ಮಲ್ಲಿಗೆ ಕಟ್ಟುವ ಬಾಳೆನಾರು. ಒದ್ದೆ ಇರುವಾಗ ಗಂಟು ಹಾಕಿ ಒಣಗಲು ಬಿಟ್ಟರೆ ಬಿಚ್ಚುವುದಿಲ್ಲ, ಬಣ್ಣ ಬಿಡುವ ಪ್ರಶ್ನೆಯೂ ಇಲ್ಲ. ತೂತಿಗೆ ಗೋಣಿ ಹೊಲಿಯುವ ದಬ್ಬಣ, ಅದು ಮಾತ್ರ ದೊಡ್ಡವರ ಕೈಯಲ್ಲೇ ಇರಲಿ.

ಅದೇ ಕಂಪನಿ ಬರೀ ಕಾಗದವನ್ನೂ ಮಾರುತ್ತದೆ, ಎ4 ಅಳತೆಯ 25 ಹಾಳೆಗೆ 280 ರೂಪಾಯಿ, ಒಂದು ಹಾಳೆಯಲ್ಲಿ ಆರು ಬುಕ್‌ಮಾರ್ಕ್ ಆರಾಮ. ಸಿಟ್ಟು ಇದ್ದರೂ ಅದನ್ನು ತರಿಸಿದ್ದೇನೆ. ಮಗ ಈಗಲೇ ನಾಲ್ಕು ಹಾಳೆಗೆ ಅರಸಿನ ಬಳಿದು ಕೂತಿದ್ದಾನೆ, ಅತ್ತೆಯ ಸುಣ್ಣದ ಡಬ್ಬಿ ಎರಡು ದಿನದಿಂದ ಕಾಣುತ್ತಿಲ್ಲ.